ಪವರ್ ಸ್ಟೀರಿಂಗ್ ಎಣ್ಣೆ ಹೋದದ್ದೆಲ್ಲಿಗೆ?

ದೀಪಾವಳಿ ಮುಗಿದು ಸಕ್ಕರೆ ಕಾರ್ಖಾನೆಗಳು ಕಬ್ಬು ಅರೆಯಲು ಶುರು ಮಾಡಿದವೆಂದರೆ ಜಳಕೋಟದ ಸುತ್ತಲಿನ ರಸ್ತೆಗಳ ಚಹರೆಯೇ ಬೇರೆ. ಈ ಸೀಮೆಯಲ್ಲಿ ಜಳಕೋಟಗಳು ಎರಡು. ಒಂದು ಉದಗೀರದ ಹತ್ತಿರದ ತಾಲೂಕು ಕೇಂದ್ರ, ಇನ್ನೊಂದು ನಳದುರ್ಗ ಮತ್ತು ಉಮರ್ಗಾ ನಡುವೆ ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯ ಮೇಲಿದೆ. ಎರಡೂ ಕಡೆ ರಾತ್ರಿ ಹಗಲೆನ್ನದೆ ಕಬ್ಬಿನ ಟ್ರ್ಯಾಕ್ಟರುಗಳು ಟ್ರಾಲಿ ಎಳೆಯುತ್ತಿರುತ್ತವೆ. ನಿಲಂಗಾ, ಉದಗೀರ 1956ರವರೆಗೆ ಬೀದರ ಜಿಲ್ಲೆಯಲ್ಲೇ ಇದ್ದವು. ಆಮೇಲೆ ರಾಜ್ಯದ ಗಡಿ ನಡುವೆ ಬಂದರೂ ಗಾಡಿಗಳ ಓಡಾಟಕ್ಕೆ, ಅವುಗಳ ರಿಪೇರಿಗೆ ಗಡಿಯಿಲ್ಲ. ಉಮರ್ಗಾದಲ್ಲಾಗಲಿ ಹುಮನಾಬಾದಿನಲ್ಲಾಗಲಿ, ಗ್ಯಾರೇಜಿನ ಮುಂದೆ ಹಂಗಾಮಿನುದ್ದಕ್ಕೂ ಕೇಳಿಬರುವ ಮಾತು ಒಂದೇ: ‘ಸ್ಟೇರಿಂಗ್ ಆಯಿಲ್ ಕಮ್ಮಿ ಆಗೇದ, ಒಂದು ಡಬ್ಬಿ ಹಾಕ್ರಿ.’

ಡಬ್ಬಿ ಹಾಕಿದರೆ ಗಾಡಿ ಅಂದಿನ ಮಟ್ಟಿಗೆ ಹಗುರಾಗಿ ತಿರುಗುತ್ತದೆ. ಆದರೆ ಅದು ರಿಪೇರಿಯಲ್ಲ. ಎಂಜಿನ್ ಆಯಿಲ್ ಸ್ವಲ್ಪ ಸ್ವಲ್ಪ ಸುಟ್ಟುಹೋಗಬಹುದು, ಡೀಸೆಲ್ಲಂತೂ ಸುಡುವುದಕ್ಕೇ ಇರುವುದು. ಪವರ್ ಸ್ಟೀರಿಂಗಿನ ಎಣ್ಣೆ ಹಾಗಲ್ಲ. ಅದು ಒಂದೇ ದಾರಿಯಲ್ಲಿ ಸುತ್ತುತ್ತಲೇ ಇರುತ್ತದೆ, ಖರ್ಚಾಗುವ ಮಾತೇ ಇಲ್ಲ. ಮಟ್ಟ ಇಳಿದಿದ್ದರೆ ಎಣ್ಣೆ ಎಲ್ಲೋ ಹೊರಗೆ ಹೋಗಿದೆ ಎಂದೇ ಅರ್ಥ. ಆ ಜಾಗವನ್ನು ಹುಡುಕುವುದೇ ನಿಜವಾದ ಕೆಲಸ.

ಎಣ್ಣೆಯ ಬಲ

ಎಂಜಿನ್ನಿನ ಬಲದಿಂದ ತಿರುಗುವ ಚಿಕ್ಕ ಪಂಪೊಂದು ಗಾಡಿಯಲ್ಲೇ ಇರುವ ಡಬ್ಬಿಯಿಂದ ಎಣ್ಣೆ ಎಳೆದು ಒತ್ತಡದಲ್ಲಿ ಒಂದು ವಾಲ್ವಿಗೆ ಕಳಿಸುತ್ತದೆ. ಕಾರು, ಲಾರಿಗಳಲ್ಲಿ ಚಾಲಕ ಸ್ಟೀರಿಂಗ್ ತಿರುವಿದಾಗ ಅದರ ಕೆಳಗಿನ ತೆಳುವಾದ ಉಕ್ಕಿನ ಸರಳು ತುಸುವೇ ತಿರುಚಿಕೊಳ್ಳುತ್ತದೆ. ಆ ತಿರುಚು ವಾಲ್ವನ್ನು ಒಂದು ಬದಿಗೆ ತೆರೆಯುತ್ತದೆ. ಎಣ್ಣೆ ಪಿಸ್ಟನ್ನಿನ ಎಡಕ್ಕೋ ಬಲಕ್ಕೋ ನುಗ್ಗಿ ಚಕ್ರಗಳನ್ನು ತಳ್ಳುತ್ತದೆ. ಕೆಲಸ ಮುಗಿಸಿದ ಎಣ್ಣೆ ಕಡಿಮೆ ಒತ್ತಡದ ಪೈಪಿನಲ್ಲಿ ಡಬ್ಬಿಗೆ ಮರಳುತ್ತದೆ.

ದ್ರವದ ಮೇಲೆ ಒಂದು ಕಡೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂದು 17ನೇ ಶತಮಾನದಲ್ಲೇ ಪ್ಯಾಸ್ಕಲ್ ತೋರಿಸಿದ್ದ. ಅದೇ ನಿಯಮ ಇಲ್ಲಿ ದುಡಿಯುತ್ತದೆ. ಒತ್ತಡ 80 ಬಾರ್ ಎಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 80 ಕಿಲೋ ಭಾರ. ಪಿಸ್ಟನ್ನಿನ ಮೇಲ್ಮೈ 20 ಚದರ ಸೆಂಟಿಮೀಟರ್ ಇದ್ದರೆ ಸುಮಾರು 1600 ಕಿಲೋದಷ್ಟು ಬಲ ಸಿಕ್ಕಂತಾಯಿತು. ಅಮೆರಿಕದಲ್ಲಿ ಲಾರಿಗಳ ಭಾರೀ ಸ್ಟೀರಿಂಗನ್ನು ಕಂಡು ಬೇಸತ್ತ ಎಂಜಿನಿಯರ್ ಫ್ರಾನ್ಸಿಸ್ ಡೇವಿಸ್ 1926ರಲ್ಲೇ ಇಂಥ ವ್ಯವಸ್ಥೆಯನ್ನು ಕಾರಿಗೆ ಕೂರಿಸಿ ಓಡಿಸಿ ತೋರಿಸಿದ. 1951ರಲ್ಲಿ ಕ್ರೈಸ್ಲರ್ ಕಂಪನಿಯ ಇಂಪೀರಿಯಲ್ ಕಾರಿನೊಂದಿಗೆ ಅದು ಮಾರುಕಟ್ಟೆಗೆ ಬಂತು.

ಕಾರು, ಲಾರಿಗಳಿಗೂ ಟ್ರ್ಯಾಕ್ಟರಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಕಾರು, ಲಾರಿಗಳಲ್ಲಿ ಸ್ಟೀರಿಂಗಿನಿಂದ ಚಕ್ರದವರೆಗೆ ಉಕ್ಕಿನ ಜೋಡಣೆ ಇರುತ್ತದೆ. ಎಣ್ಣೆ ಪೂರ್ತಿ ಹೋದರೂ ಕೈಬಲದಿಂದ ಕಷ್ಟಪಟ್ಟು ತಿರುಗಿಸಬಹುದು. ಇಂದಿನ ಹೆಚ್ಚಿನ ಪವರ್ ಸ್ಟೀರಿಂಗ್ ಟ್ರ್ಯಾಕ್ಟರುಗಳಲ್ಲಿ ಸ್ಟೀರಿಂಗಿಗೂ ಚಕ್ರಕ್ಕೂ ನಡುವೆ ಪೈಪು ಮತ್ತು ಎಣ್ಣೆ ಬಿಟ್ಟರೆ ಬೇರೇನೂ ಇಲ್ಲ. ಎಂಜಿನ್ ನಿಂತರೆ ಸ್ಟೀರಿಂಗಿನ ಘಟಕವೇ ಕೈಪಂಪಿನ ಹಾಗೆ ಎಣ್ಣೆ ತಳ್ಳುತ್ತದೆ, ಆದರೆ ತಳ್ಳಲು ಎಣ್ಣೆ ಇರಬೇಕಲ್ಲ! ಪೈಪು ಒಡೆದರೆ ಸ್ಟೀರಿಂಗ್ ಎಷ್ಟು ತಿರುವಿದರೂ ಚಕ್ರ ಅಲುಗದು. ಹಿಂದೆ ಟನ್‌ಗಟ್ಟಲೆ ಕಬ್ಬು ನೂಕುತ್ತಿರುವಾಗ ಹೀಗಾದರೆ ಏನಾದೀತೆಂಬುದು ಈ ರಸ್ತೆಗಳಲ್ಲಿ ಓಡಾಡುವವರಿಗೆ ಗೊತ್ತು. ಆದ್ದರಿಂದ ಟ್ರ್ಯಾಕ್ಟರಿನ ಪೈಪಿನಲ್ಲಿ ಕಾಣುವ ಸಣ್ಣ ಪಸೆಯನ್ನೂ ಬ್ರೇಕಿನ ದೋಷದಷ್ಟೇ ಗಂಭೀರವಾಗಿ ನೋಡಬೇಕು.

ಗುರುತುಗಳು

ನಿಮಿಷಕ್ಕೊಂದು ಹನಿ ಎಂದರೆ ಅಲಕ್ಷಿಸುತ್ತೇವೆ. ಸುಮಾರು 20 ಹನಿಗೆ ಒಂದು ಮಿಲಿಲೀಟರ್. ದಿನಕ್ಕೆ 1440 ಹನಿ, ಅಂದರೆ 72 ಮಿಲಿಲೀಟರ್. ಕಾರಿನ ಇಡೀ ವ್ಯವಸ್ಥೆಯಲ್ಲಿ ಇರುವುದೇ ಹೆಚ್ಚುಕಡಿಮೆ ಒಂದು ಲೀಟರ್. ಎರಡು ವಾರದಲ್ಲಿ ಎಲ್ಲವೂ ನೆಲದ ಪಾಲು.

ಅದಕ್ಕೂ ಮೊದಲೇ ಗಾಡಿ ಹೇಳುತ್ತದೆ. ಮಟ್ಟ ಇಳಿದಾಗ ಪಂಪು ಎಣ್ಣೆಯ ಜೊತೆ ಗಾಳಿಯನ್ನೂ ಎಳೆಯುತ್ತದೆ. ಎಣ್ಣೆಯನ್ನು ಒತ್ತಿ ಕುಗ್ಗಿಸುವುದು ಬಹುಪಾಲು ಸಾಧ್ಯವಿಲ್ಲ, ಗಾಳಿಯನ್ನು ಸುಲಭವಾಗಿ ಕುಗ್ಗಿಸಬಹುದು. ಹಾಗಾಗಿ ಪಂಪಿನ ಶ್ರಮ ಗುಳ್ಳೆಗಳನ್ನು ಹಿಂಡುವುದರಲ್ಲೇ ಕಳೆದು ಸ್ಟೀರಿಂಗ್ ಒಮ್ಮೆ ಹಗುರ, ಒಮ್ಮೆ ಭಾರವಾಗುತ್ತದೆ. ತಿರುವಿದಾಗಲೆಲ್ಲ ನರಳುವ ಸದ್ದು ಬರುತ್ತದೆ. ಡಬ್ಬಿ ತೆರೆದರೆ ಎಣ್ಣೆ ಕಡೆದ ಮಜ್ಜಿಗೆಯಂತೆ ನೊರೆನೊರೆ. ಎಣ್ಣೆಯೇ ಪಂಪಿನ ಭಾಗಗಳಿಗೆ ಸವಕಳಿ ತಡೆಯುವ ಜಾರುಪದರ. ಅದು ಹೋದರೆ, ಎಣ್ಣೆ ಹೊರಬರದಂತೆ ತಡೆಯುವ ಸೀಲನ್ನಷ್ಟೇ ಬದಲಿಸಿ ಮುಗಿಸಬಹುದಾಗಿದ್ದ ಕೆಲಸ ಪಂಪು ಬದಲಿಸುವವರೆಗೆ ಬೆಳೆಯುತ್ತದೆ.

ನೆಲದ ಮೇಲಿನ ಕಲೆ ಯಾವುದರದೆಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಬಿಳಿ ಕಾಗದದ ಮೇಲೆ ಒಂದು ಹನಿ ಹಿಡಿಯಿರಿ. ಅನೇಕ ಗಾಡಿಗಳ ಸ್ಟೀರಿಂಗ್ ಎಣ್ಣೆ ಕೆಂಪು, ಹಳೆಯದಾದಷ್ಟೂ ಕಂದು. ಎಂಜಿನ್ ಆಯಿಲ್ ಸಾಮಾನ್ಯವಾಗಿ ಕಪ್ಪು. ಗೇರ್ ಆಯಿಲ್ ದಪ್ಪ, ಗಂಧಕದ ಘಾಟು. ಕೂಲೆಂಟ್ ನೀರಿನಷ್ಟು ತೆಳು, ಹಸಿರು ಅಥವಾ ಗುಲಾಬಿ ಬಣ್ಣ. ಎ.ಸಿ.ಯಿಂದ ತೊಟ್ಟಿಕ್ಕುವುದು ಬರೀ ನೀರು. ಈಚಿನ ಬಹುಪಾಲು ಸಣ್ಣ ಕಾರುಗಳಲ್ಲಿ ವಿದ್ಯುತ್ ಮೋಟಾರಿನ ಸ್ಟೀರಿಂಗ್ ಇರುತ್ತದೆ. ಅವುಗಳಲ್ಲಿ ಎಣ್ಣೆಯೇ ಇಲ್ಲ, ಸೋರಿಕೆಯೂ ಇಲ್ಲ.

ಮೂಲ ಹುಡುಕುವ ಬಗೆ

ನಮ್ಮ ಕಡೆ ಹುಡುಕಾಟವನ್ನು ಕಷ್ಟಮಾಡುವುದು ಎರೆ ಮಣ್ಣಿನ ಧೂಳು. ಎಣ್ಣೆಯ ಪಸೆ ಕಂಡಲ್ಲಿ ಅದು ಅಂಟಿ ಕಪ್ಪು ಮೇಣದಂತೆ ಗಟ್ಟಿಯಾಗುತ್ತದೆ. ಎಣ್ಣೆ ಕೆಳಕ್ಕೆ ಇಳಿಯುತ್ತದೆ, ಓಡುವಾಗಿನ ಗಾಳಿ ಅದನ್ನು ಹಿಂದಕ್ಕೆ ಒಯ್ಯುತ್ತದೆ. ಹೀಗಾಗಿ ಹನಿ ಬಿದ್ದ ಜಾಗ ಬೇರೆ, ಸೋರುವ ಜಾಗ ಬೇರೆ. ಎಂಜಿನ್ ಆರಿದ ಮೇಲೆ ಎಲ್ಲವನ್ನೂ ಉಜ್ಜಿ ತೊಳೆದು ಒಣಗಿಸಿ, ಗಾಡಿಯ ಕೆಳಗೆ ರಟ್ಟು ಹಾಸಬೇಕು. ಒಬ್ಬರು ಎಂಜಿನ್ ಚಾಲೂ ಮಾಡಿ ಸ್ಟೀರಿಂಗನ್ನು ಎರಡೂ ಬದಿಗೆ ನಿಧಾನವಾಗಿ ತಿರುವಲಿ, ಇನ್ನೊಬ್ಬರು ಪಕ್ಕದಿಂದ ಬ್ಯಾಟರಿ ಬೆಳಕಿನಲ್ಲಿ ನೋಡಲಿ. ಹೊಸದಾಗಿ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಮುಂದಿನದು ಯಾವುದೋ ಅದರ ಆಸುಪಾಸಿನಲ್ಲೇ ಮೂಲವಿರುತ್ತದೆ. ಕೊನೆಯವರೆಗೆ ತಿರುವಿದ ಸ್ಟೀರಿಂಗನ್ನು ಐದು ಸೆಕೆಂಡಿಗಿಂತ ಹೆಚ್ಚು ಅಲ್ಲೇ ಹಿಡಿಯಬಾರದು. ಆಗ ಒತ್ತಡ ಗರಿಷ್ಠವಾಗಿ ಎಣ್ಣೆ ಕಾಯುತ್ತದೆ.

ಯಾವಾಗ ಸೋರುತ್ತದೆ ಎಂಬುದೂ ದಾರಿ ತೋರುತ್ತದೆ. ನಿಂತಾಗಲೂ ತೊಟ್ಟಿಕ್ಕುತ್ತಿದ್ದರೆ ಡಬ್ಬಿ, ವಾಪಸು ಪೈಪು, ಅದರ ಕ್ಲಿಪ್ಪು ಅಥವಾ ಪಂಪಿನ ಶಾಫ್ಟ್ ಸೀಲ್ ಮೇಲೆ ಅನುಮಾನ. ತಿರುವಿದಾಗ ಮಾತ್ರ ಒಸರಿದರೆ ಒತ್ತಡದ ಪೈಪು, ಅದರ ಲೋಹದ ತುದಿ, ಇಲ್ಲವೇ ಸ್ಟೀರಿಂಗ್ ಬಾಕ್ಸಿನ ಸೀಲುಗಳು. ಕಾರಿನ ಚಕ್ರಗಳನ್ನು ಎಡಬಲಕ್ಕೆ ತಳ್ಳುವ ಅಡ್ಡಸರಳಿನ, ಅಂದರೆ ರ್‍ಯಾಕಿನ, ಎರಡೂ ತುದಿಗಳಲ್ಲಿರುವ ರಬ್ಬರ್ ಬೂಟನ್ನು ಹಿಚುಕಿ ನೋಡಿ. ಒಳಗೆ ಎಣ್ಣೆ ತುಂಬಿದ್ದರೆ ಒಳಗಿನ ಸೀಲ್ ಹೋಗಿದೆ. ಇದರಲ್ಲೂ ಸಿಗದ ಸೂಕ್ಷ್ಮ ಸೋರಿಕೆಗೆ ಎಣ್ಣೆಯಲ್ಲಿ ಹೊಳೆಯುವ ಬಣ್ಣ ಬೆರೆಸಿ ಅತಿನೇರಳೆ ದೀಪ ಹಿಡಿಯುತ್ತಾರೆ. ಕಣ್ಣಿಗೆ ಕಾಣದ ಆ ಕಿರಣವನ್ನು ಹೀರಿ ಬಣ್ಣ ಹಳದಿ-ಹಸಿರಾಗಿ ಬೆಳಗುತ್ತದೆ.

ಸೋರುವ ಪೈಪಿನ ಮೇಲೆ ಮಾತ್ರ ಎಂದೂ ಕೈಯಾಡಿಸಬೇಡಿ. 100 ಬಾರ್ ಒತ್ತಡದಲ್ಲಿ ಸೂಜಿಮೊನೆಯಂಥ ತೂತಿನಿಂದ ಹೊರಡುವ ಎಣ್ಣೆಯ ವೇಗ ಲೆಕ್ಕದ ಪ್ರಕಾರ ಸೆಕೆಂಡಿಗೆ ಸುಮಾರು 150 ಮೀಟರ್, ಗಂಟೆಗೆ 500 ಕಿಲೋಮೀಟರಿಗೂ ಮೀರಿದ್ದು. ಅದು ಚರ್ಮ ಸೀಳಿ ಒಳಹೊಗುತ್ತದೆ. ಹೊರಗೆ ಚುಕ್ಕೆಯಷ್ಟೇ ಗಾಯ ಕಂಡರೂ ಒಳಗಿನ ಮಾಂಸ ಕೊಳೆತು ಬೆರಳು ಕತ್ತರಿಸಬೇಕಾದೀತು. ಹಾಗೇನಾದರೂ ಆದರೆ ನೋವಿಗೆ ಕಾಯದೆ ಕೂಡಲೇ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬೇಕು. ಇನ್ನೊಂದು ಅಪಾಯ ಬೆಂಕಿ. ಕೆಂಡದಂತೆ ಕಾದ ಸೈಲೆನ್ಸರ್ ಪೈಪಿನ ಮೇಲೆ ಚಿಮ್ಮಿದ ಎಣ್ಣೆ ಹೊತ್ತಿಕೊಳ್ಳಬಲ್ಲದು.

ಸೀಲ್ ಯಾಕೆ ಹೋಗುತ್ತದೆ

ಈ ಸೀಲುಗಳು ಹೆಚ್ಚಾಗಿ ನೈಟ್ರೈಲ್ ಎಂಬ ಕೃತಕ ರಬ್ಬರಿನವು. ಖನಿಜ ಎಣ್ಣೆಯನ್ನು ಅವು ಚೆನ್ನಾಗಿ ತಾಳುತ್ತವೆ, ಆದರೆ ಬಿಸಿ ಅವುಗಳ ಶತ್ರು. ಶಾಖ ಮತ್ತು ಆಮ್ಲಜನಕ ಸೇರಿದರೆ ರಬ್ಬರಿನ ಉದ್ದ ಅಣುಸರಪಳಿಗಳ ನಡುವೆ ಹೊಸ ಬೆಸುಗೆಗಳು ಹುಟ್ಟಿ ಅದು ಪೆಡಸಾಗುತ್ತದೆ, ಬಿರಿಯುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಇಂಥ ಕ್ರಿಯೆಯ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬುದು ರಸಾಯನಶಾಸ್ತ್ರದ ಒಂದು ಸ್ಥೂಲ ನಿಯಮ. ಮರಾಠವಾಡದ ಬೇಸಿಗೆ ಮತ್ತು ಭಾರದ ದುಡಿಮೆ ಸೇರಿದರೆ ಸೀಲಿನ ಆಯಸ್ಸು ಕುಗ್ಗಲು ಬೇರೆ ಕಾರಣ ಬೇಡ. ಹರಿದ ಬೂಟಿನೊಳಗೆ ನುಗ್ಗಿದ ಮಣ್ಣು, ನೀರು ಶಾಫ್ಟಿಗೆ ತುಕ್ಕು ಹಿಡಿಸುತ್ತವೆ. ಆ ಒರಟು ಶಾಫ್ಟು ಹೊಸ ಸೀಲನ್ನೂ ಕೊಯ್ಯುತ್ತದೆ.

ಅದಕ್ಕಿಂತ ಬೇಗ ಸೀಲ್ ಕೆಡಿಸುವುದು ತಪ್ಪು ಎಣ್ಣೆ. ಬ್ರೇಕ್ ಆಯಿಲ್ ಹೆಸರಿಗಷ್ಟೇ ಆಯಿಲ್, ಅದು ಗ್ಲೈಕಾಲ್ ಜಾತಿಯ ದ್ರವ. ಸ್ಟೀರಿಂಗ್ ಡಬ್ಬಿಗೆ ಅದನ್ನು ಸುರಿದರೆ ಸೀಲುಗಳು ಉಬ್ಬಿ ಕೆಡುತ್ತವೆ. ರೇಡಿಯೇಟರ್ ಪೈಪಿನ ತುಂಡನ್ನು ವಾಪಸು ಪೈಪಿಗೆ ಜೋಡಿಸುವುದೂ ಇಂಥದೇ ತಪ್ಪು. ಬಿಸಿನೀರಿಗೆ ಒಗ್ಗಿದ ಆ ರಬ್ಬರು ಎಣ್ಣೆ ಹೀರಿ ಉಬ್ಬಿ ಮೆತ್ತಗಾಗುತ್ತದೆ. ಪೇಟೆಯಲ್ಲಿ ಸಿಗುವ ಸೋರಿಕೆ ನಿಲ್ಲಿಸುವ ದ್ರವಗಳಲ್ಲಿ ಹಲವು ಗಟ್ಟಿಯಾದ ಸೀಲನ್ನು ತುಸು ಉಬ್ಬಿಸಿ ಕೆಲಕಾಲ ಕೆಲಸ ಮಾಡುತ್ತವೆ. ಸವೆದ ಶಾಫ್ಟಿಗೆ, ಬಿರುಕುಬಿಟ್ಟ ಪೈಪಿಗೆ ಅವುಗಳಿಂದ ಉಪಯೋಗವಿಲ್ಲ.

ದುರಸ್ತಿ

ಸಡಿಲ ಕ್ಲಿಪ್ಪನ್ನು ಯಾರಾದರೂ ಬಿಗಿಯಬಹುದು. ವಾಪಸು ಪೈಪು ಬಿರಿದಿದ್ದರೆ ಎಣ್ಣೆ ತಾಳುವ ಪೈಪನ್ನೇ ಹಾಕಿಸಬೇಕು. ಜೋಡಣೆಯಲ್ಲಿರುವ ತಾಮ್ರದ ವಾಷರ್ ಬಿಗಿದಾಗ ಅಪ್ಪಚ್ಚಿಯಾಗಿ ಸಂದು ಮುಚ್ಚುತ್ತದೆ. ಒಮ್ಮೆ ಒತ್ತಿಸಿಕೊಂಡದ್ದು ಗಡುಸಾಗಿರುತ್ತದೆ, ಆದ್ದರಿಂದ ಬಿಚ್ಚಿದಾಗಲೆಲ್ಲ ಹೊಸದು ಬೇಕು. ಒತ್ತಡದ ಪೈಪಿಗೆ ಟೇಪು, ಅಂಟು, ಕ್ಲಿಪ್ಪು ಯಾವುದೂ ನಿಲ್ಲದು. ಅಳತೆಗೆ ಸರಿಯಾದ ಹೊಸ ಪೈಪೇ ಅದಕ್ಕೆ ಮದ್ದು. ಪಂಪು, ಬಾಕ್ಸಿನ ಸೀಲ್ ಬದಲಿಸುವುದು ನುರಿತ ಮೇಸ್ತ್ರಿಯ ಕೆಲಸ.

ಕೊನೆಗೆ ಗಾಳಿ ತೆಗೆಯಬೇಕು. ಮುಂದಿನ ಚಕ್ರಗಳನ್ನು ಜ್ಯಾಕಿನಿಂದ ಎತ್ತಿ ಭದ್ರವಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಎಂಜಿನ್ ಆರಿಸಿಯೇ ಸ್ಟೀರಿಂಗನ್ನು ಆ ಕೊನೆಯಿಂದ ಈ ಕೊನೆಗೆ ಹಲವು ಸಲ ತಿರುವುತ್ತ, ಮಟ್ಟ ಇಳಿದ ಹಾಗೆ ಎಣ್ಣೆ ತುಂಬುತ್ತ ಹೋಗಬೇಕು. ಗುಳ್ಳೆ ನಿಂತ ಮೇಲೆ ಎಂಜಿನ್ ಚಾಲೂ ಮಾಡಿ ಮತ್ತೆ ನೋಡಬೇಕು. ಯಾವ ಎಣ್ಣೆ ಎಂಬುದನ್ನು ಗಾಡಿಯ ಪುಸ್ತಕ ಅಥವಾ ಡಬ್ಬಿಯ ಮುಚ್ಚಳ ಹೇಳುತ್ತದೆ. ತೆಗೆದ ಹಳೆ ಎಣ್ಣೆಯನ್ನು ಹೊಲದ ಬದುವಿಗೆ ಚೆಲ್ಲದೆ, ಹಳೆ ಆಯಿಲ್ ಕೊಳ್ಳುವವರಿಗೆ ಕೊಡಿ. ಬೇಸಿಗೆಯಲ್ಲಿ ಆಳವಾಗಿ ಬಿರಿಯುವ ಎರೆ ನೆಲ ಚೆಲ್ಲಿದ ಎಣ್ಣೆಯನ್ನು ಬೇರಿನ ತನಕ ಇಳಿಸುತ್ತದೆ.

ಹಂಗಾಮು ಶುರುವಾಗುವ ಮೊದಲು ಟ್ರ್ಯಾಕ್ಟರಿನ ಟೈರು, ಟ್ರಾಲಿಯ ಕೊಂಡಿ ನೋಡುವ ರೂಢಿ ನಮ್ಮಲ್ಲಿ ಇದ್ದೇ ಇದೆ. ಅದರ ಜೊತೆಗೆ ಸ್ಟೀರಿಂಗಿನ ಪೈಪುಗಳನ್ನೂ ಒರೆಸಿ ನೋಡುವುದು ಸೇರಲಿ. ಎಣ್ಣೆಯ ಮಟ್ಟದ ಮೇಲೆ ವಾರಕ್ಕೊಮ್ಮೆ ಕಣ್ಣಿರಲಿ. ಒಮ್ಮೆ ಎಣ್ಣೆ ತುಂಬಬೇಕಾಗಿ ಬಂತೆಂದರೆ ಎರಡನೇ ಡಬ್ಬಿ ಕೊಳ್ಳುವ ಮೊದಲು ಸೋರುವ ಜಾಗ ಸಿಗಲೇಬೇಕು. ಕಬ್ಬು ಹೊತ್ತ ಗಾಡಿಯ ಚಾಲಕನಿಗೂ ಎದುರಿನಿಂದ ಬೈಕಿನಲ್ಲಿ ಬರುವವನಿಗೂ ಅದರಿಂದ ಸಿಗುವ ರಕ್ಷಣೆ ಒಂದೇ.