ಶ್ರೀರಂಗಪಟ್ಟಣದ ಗ್ರಂಥಭಂಡಾರ

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಶತ್ರುವಶವಾಗಿ ಟಿಪ್ಪು ಸುಲ್ತಾನನು ರಣದಲ್ಲಿ ಮಡಿದ ರಾತ್ರಿ ಸೂರೆಹೋದ ಚಿನ್ನ, ರತ್ನ, ಆಯುಧಗಳ ಕಥೆಯನ್ನು ಬಲ್ಲವರು ಅನೇಕರಿದ್ದಾರೆ. ಆದರೆ ಅದೇ ಅರಮನೆಯಲ್ಲಿದ್ದ ಸುಮಾರು 2,000 ಹಸ್ತಪ್ರತಿಗಳ ಗತಿಯೇನಾಯಿತೆಂದು ಕೇಳುವವರು ವಿರಳ.

ಅರಬ್ಬಿ, ಪಾರಸಿ, ದಖನಿ ಭಾಷೆಗಳ ಈ ಗ್ರಂಥಗಳಲ್ಲಿ ಧರ್ಮಶಾಸ್ತ್ರ, ಸೂಫಿ ತತ್ತ್ವ, ಇತಿಹಾಸ, ಕಾವ್ಯ, ವೈದ್ಯ, ಜ್ಯೋತಿಷಗಳೆಲ್ಲವೂ ಇದ್ದುವು. ಅವುಗಳಲ್ಲಿ ಹಲವು ಹಿಂದೆ ಬಿಜಾಪುರ, ಗೋಲ್ಕೊಂಡಗಳ ಸುಲ್ತಾನರ ಸ್ವತ್ತಾಗಿದ್ದು, ಸವಣೂರು, ಕಡಪೆಗಳ ಮೇಲಿನ ದಂಡಯಾತ್ರೆಗಳಲ್ಲಿ ಮೈಸೂರಿನ ಕೈಸೇರಿದಂಥವು. ಯುದ್ಧದಿಂದ ಬಂದ ಭಂಡಾರವು ಯುದ್ಧದಿಂದಲೇ ಹೋಯಿತು. ಶ್ರೀರಂಗಪಟ್ಟಣದಲ್ಲಿ ಹೊಸದಾಗಿ ಚರ್ಮದ ರಟ್ಟು ಕಟ್ಟಿಸಿ, ಅದರ ಮೇಲೆ ದೇವನಾಮವನ್ನೂ ‘ಸರ್ಕಾರ್-ಎ-ಖುದಾದಾದ್’ ಎಂಬ ರಾಜ್ಯನಾಮವನ್ನೂ ಮುದ್ರಿಸಿದ್ದ ಪ್ರತಿಗಳನ್ನು ಇಂದಿಗೂ ಆ ಗುರುತಿನಿಂದಲೇ ಕಂಡುಹಿಡಿಯಬಹುದು.

ವಿಜೇತರಾದ ಆಂಗ್ಲರು ಕೆಲವು ಪ್ರತಿಗಳನ್ನು ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಗೂ ಆಕ್ಸ್‌ಫರ್ಡ್, ಕೇಂಬ್ರಿಜ್ ವಿಶ್ವವಿದ್ಯಾಲಯಗಳಿಗೂ ಕಾಣಿಕೆಯಿತ್ತು, ಉಳಿದ ಬಹುಭಾಗವನ್ನು ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿಗೆ ಸೇರಿಸಿದರು; ಆ ಕಾಲೇಜಿನ ಸ್ಥಾಪನಾದಿನವೆಂದು ಗವರ್ನರ್ ಜನರಲ್ ವೆಲ್ಲೆಸ್ಲಿಯು ಗೊತ್ತುಮಾಡಿದ್ದು 1800ರ ಮೇ 4, ಎಂದರೆ ಪಟ್ಟಣಪತನದ ಮೊದಲ ವಾರ್ಷಿಕ ದಿನ. ಅಲ್ಲಿ ಪಾರಸಿ ಕಲಿಸುತ್ತಿದ್ದ ಚಾರ್ಲ್ಸ್ ಸ್ಟೂವರ್ಟನೆಂಬ ಸೇನಾಧಿಕಾರಿಯು ಈ ಗ್ರಂಥರಾಶಿಯನ್ನು ವಿಷಯಾನುಸಾರ ವಿಂಗಡಿಸಿ, ಒಂದೊಂದು ಕೃತಿಯ ವಿವರವನ್ನೂ ಬರೆದು, 1809ರಲ್ಲಿ ಕೇಂಬ್ರಿಜ್‌ನಲ್ಲಿ ಸೂಚೀಗ್ರಂಥವಾಗಿ ಅಚ್ಚುಹಾಕಿಸಿದನು. ಕೊಳ್ಳೆಯ ನ್ಯಾಯಾನ್ಯಾಯಗಳೇನೇ ಇರಲಿ, ಚದುರಿಹೋದ ಪುಸ್ತಕಗಳು ಒಂದು ಕಾಲಕ್ಕೆ ಒಂದೇ ಮನೆಯವೆಂಬುದಕ್ಕೆ ಆ ಸೂಚಿಯೇ ಪ್ರಬಲ ಸಾಕ್ಷಿ.

ಯುದ್ಧಕಾಲದಲ್ಲಿ ಗ್ರಂಥಗಳು ಊರು ಬಿಟ್ಟ ಇನ್ನೊಂದು ಪ್ರಸಂಗವನ್ನು ಇದರ ಪಕ್ಕದಲ್ಲಿಟ್ಟು ನೋಡುವುದು ಉಚಿತ. 1941ರಲ್ಲಿ, ಜಪಾನೀಯರ ವಶದಲ್ಲಿದ್ದ ಶಾಂಘೈ ನಗರದಿಂದ, ಪೀಕಿಂಗ್ ರಾಷ್ಟ್ರೀಯ ಗ್ರಂಥಾಲಯದ ಅಮೂಲ್ಯ ಪ್ರತಿಗಳನ್ನು 102 ಪೆಟ್ಟಿಗೆಗಳಲ್ಲಿ ತುಂಬಿ, ಸುಂಕದವರ ಕಣ್ಣು ತಪ್ಪಿಸಿ ಅಮೆರಿಕೆಗೆ ಸಾಗಿಸಿದವನು ಚಿಯೆನ್ ತ್ಸುನ್‌ಷ್ಯುನ್ ಎಂಬ ತರುಣ ಗ್ರಂಥಪಾಲಕ. ವಾಷಿಂಗ್ಟನ್ನಿನ ಕಾಂಗ್ರೆಸ್ ಗ್ರಂಥಾಲಯದಲ್ಲಿ ಅವುಗಳ ಛಾಯಾಪ್ರತಿಗಳಾದುವು. ಮೂಲಗ್ರಂಥಗಳು 1965ರಲ್ಲಿ ತೈವಾನನ್ನು ಸೇರಿದುವು. ಶಾಂಘೈಯಿಂದ ಪುಸ್ತಕಗಳನ್ನು ಕಳುಹಿಸಿದವನು ಅವುಗಳ ಪಾಲಕನೇ. ಶ್ರೀರಂಗಪಟ್ಟಣದಿಂದ ಕೊಂಡೊಯ್ದವನು ಗೆದ್ದ ಶತ್ರು. ಈ ಭೇದವನ್ನು ಮರೆಯಲಾಗದು. ಆದರೂ ಎರಡೂ ಕಡೆ ಪುಸ್ತಕಗಳನ್ನು ವಿಸ್ಮೃತಿಯಿಂದ ಕಾಪಾಡಿದುದು ಪಟ್ಟಿ ಬರೆದವರ, ಛಾಯಾಪ್ರತಿ ತೆಗೆದವರ ಶ್ರದ್ಧೆಯೇ.

ಮತ್ತೆ ನಮ್ಮ ನಾಡಿಗೆ ಬಂದರೆ, ಶ್ರೀರಂಗಪಟ್ಟಣಕ್ಕೆ ಸಮೀಪದ ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯಲ್ಲಿ, ಬಸ್ ಕಂಡಕ್ಟರರಾಗಿಯೂ ಬಳಿಕ ಸಕ್ಕರೆ ಕಾರ್ಖಾನೆಯ ನೌಕರರಾಗಿಯೂ ದುಡಿದ ಅಂಕೇಗೌಡರು ತಮ್ಮ ಸಂಪಾದನೆಯನ್ನು ಸುರಿದು ಕಟ್ಟಿದ ‘ಪುಸ್ತಕದ ಮನೆ’ಯು, ಗ್ರಂಥಪ್ರೀತಿಗೆ ಅರಮನೆಯೇ ಬೇಕಿಲ್ಲವೆಂಬುದನ್ನು ತೋರಿಸಿಕೊಟ್ಟಿದೆ. ಲಂಡನ್, ಕಲ್ಕತ್ತೆಗಳಲ್ಲಿರುವ ಆ ಹಸ್ತಪ್ರತಿಗಳ ಛಾಯಾಪ್ರತಿಗಳನ್ನು ತರಿಸಿ, ಸ್ಟೂವರ್ಟನ ಸೂಚಿಯ ಕನ್ನಡ ಅನುವಾದದೊಡನೆ ಶ್ರೀರಂಗಪಟ್ಟಣದಲ್ಲಿಯೇ ಓದುಗರ ಕೈಗೆಟಕುವಂತೆ ಮಾಡುವುದು ನಮ್ಮ ಸರ್ಕಾರವೂ ವಿಶ್ವವಿದ್ಯಾಲಯಗಳೂ ಕೂಡಿ ಸಾಧಿಸಬಹುದಾದ, ಸಾಧಿಸಲೇಬೇಕಾದ ಕಾರ್ಯ.