ಸರ್ಕಾರಿ ಕಟ್ಟಡಗಳ ನಿರ್ಮಾಣವೂ ಮರಾಮತ್ತೂ

ಊರು ಬೆಳೆಯುವುದೆಂದರೆ ಮನೆಗಳೂ ಅಂಗಡಿಗಳೂ ಹೆಚ್ಚುವುದಷ್ಟೇ ಎಂದು ಅನೇಕರು ಭಾವಿಸಿರುವುದುಂಟು. ಆದರೆ ಜನ ಹೆಚ್ಚಿದಂತೆಲ್ಲ ಕಚೇರಿ, ಶಾಲೆ, ಆಸ್ಪತ್ರೆ, ನ್ಯಾಯಸ್ಥಾನ ಮುಂತಾದುವೂ ಹೆಚ್ಚಲೇಬೇಕಾಗುವುದು. ಇವನ್ನು ಕಟ್ಟುವವರಾರು, ಕಟ್ಟಿದ ಮೇಲೆ ಕಾಪಾಡುವವರಾರು ಎಂಬ ವಿಷಯವನ್ನು ಕಡೂರು, ತರೀಕೆರೆ, ಅಜ್ಜಂಪುರ ಎಂಬ ಮೂರು ಊರುಗಳನ್ನು ಮುಂದಿಟ್ಟುಕೊಂಡು ಈಗ ವಿಚಾರಮಾಡೋಣ.

ಕಡೂರು ಒಂದು ಕಾಲಕ್ಕೆ ಜಿಲ್ಲೆಯ ಮುಖ್ಯಸ್ಥಳವಾಗಿದ್ದಿತು. 1865ರಲ್ಲಿ ಆ ಪದವಿಯು ಚಿಕ್ಕಮಗಳೂರಿಗೆ ಸಂದಿತು. ಹೆಸರು ಮಾತ್ರ 1947ರವರೆಗೂ ಕಡೂರು ಜಿಲ್ಲೆಯೆಂದೇ ಉಳಿಯಿತು. ಅಜ್ಜಂಪುರದ ಕಥೆಯು ಇದಕ್ಕೆ ವಿಪರ್ಯಾಯವಾದುದು. ಬಹುಕಾಲ ತರೀಕೆರೆ ತಾಲ್ಲೂಕಿನೊಳಗಿನ ಹೋಬಳಿಯಾಗಿದ್ದ ಈ ಊರು 2017ರ ರಾಜ್ಯದ ಆಯವ್ಯಯದಲ್ಲಿ ಹೊಸ ತಾಲ್ಲೂಕುಗಳ ಪಟ್ಟಿಗೆ ಸೇರಿತು. ತಾಲ್ಲೂಕೆಂದು ಆಜ್ಞೆ ಹೊರಡಿಸುವುದಕ್ಕೆ ಒಂದು ಹಾಳೆ ಕಾಗದ ಸಾಕು. ತಹಶೀಲ್ದಾರರು ಕುಳಿತುಕೊಳ್ಳುವುದಕ್ಕೂ, ರೈತನ ಪಹಣಿ ಖಾತೆಗಳನ್ನು ಮಳೆಯೂ ಗೆದ್ದಲೂ ತಾಗದಂತೆ ಇಡುವುದಕ್ಕೂ ಗೋಡೆ ಬೇಕು, ಮಾಡು ಬೇಕು.

ಗೋಡೆಯೆಂದೊಡನೆ ನೆಲದ ಮಾತು ಬರುತ್ತದೆ. ಅಜ್ಜಂಪುರದ ಸೀಮೆಯಲ್ಲಿ ಎರೆಭೂಮಿ ವಿಶೇಷ. ಬೆಳೆಗೆ ಇದು ಭಾಗ್ಯ, ಕಟ್ಟಡಕ್ಕೆ ಶತ್ರು. ನೀರು ಕುಡಿದಾಗ ಎರೆಮಣ್ಣು ಉಬ್ಬುವುದು. ಬೇಸಿಗೆಯಲ್ಲಿ ಕುಗ್ಗಿ, ಕೈ ತೂರಿಸಬಹುದಾದಷ್ಟು ಅಗಲ ಬಿರಿಯುವುದು. ಮೇಲುಮೇಲೆ ಹಾಕಿದ ತಳಪಾಯವು ಈ ಉಸಿರಾಟದೊಡನೆ ತಾನೂ ಏರಿ ಇಳಿದು, ಕಿಟಕಿಯ ಮೂಲೆಗಳಿಂದ ಓರೆಯಾಗಿ ಗೋಡೆ ಸೀಳುವುದು. ಆದಕಾರಣ ತೇವದ ಏರಿಳಿತ ಮುಟ್ಟದ ಆಳದವರೆಗೆ ತಳಪಾಯವನ್ನು ಇಳಿಸಬೇಕು. ಇಲ್ಲವೆ ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾಲಯದವರು ಬಳಕೆಗೆ ತಂದಂತೆ, ಬುಡದಲ್ಲಿ ಗಡ್ಡೆಯ ಹಾಗೆ ಉಬ್ಬಿದ ಕಾಂಕ್ರೀಟು ಕಂಬಗಳನ್ನು ನೆಲದೊಳಗೆ ನಿಲ್ಲಿಸಬೇಕು. ಕಟ್ಟಡದ ಸುತ್ತ ನೀರು ನಿಲ್ಲದಂತೆ ಗಟ್ಟಿನೆಲ ಹಾಸಬೇಕು. ಇವೆಲ್ಲಕ್ಕೂ ತಗಲುವ ಹಣವು ಮಣ್ಣಿನಡಿಯಲ್ಲಿ ಹೂತುಹೋಗುವುದರಿಂದ ಉದ್ಘಾಟನೆಯ ದಿನ ಯಾರ ಕಣ್ಣಿಗೂ ಬೀಳುವುದಿಲ್ಲ. ಅಂದಾಜು ಪಟ್ಟಿಯನ್ನು ಕಡಿತಮಾಡುವಾಗ ಮೊದಲು ಕತ್ತರಿ ಬೀಳುವುದೂ ಬಹುಶಃ ಇಲ್ಲಿಯೇ.

ತರೀಕೆರೆಯ ಪಡುವಣ ಭಾಗವು ಮಲೆನಾಡಿನ ಸೆರಗು. ಅಲ್ಲಿ ಇಳಿಜಾರು ಮಾಡು, ಅಗಲವಾದ ಸೂರು ಬೇಕು. ಕಡೂರು ಮಳೆ ಕಡಮೆಯಾದ ಬಯಲುಸೀಮೆ. ಅಲ್ಲಿ ತಾರಸಿಯೇ ಸಾಕು. ಒಂದೇ ನಕ್ಷೆಯನ್ನು ಎರಡು ಕಡೆಗೂ ಕಳುಹಿಸಿದರೆ ಒಂದೆಡೆ ಅದು ಸೋರುವುದು.

ನಮ್ಮಲ್ಲಿ ಈ ಕೆಲಸಕ್ಕೆಂದು ಪಬ್ಲಿಕ್ ವರ್ಕ್ಸ್ ಇಲಾಖೆಯು 1856ರಲ್ಲಿ ಕಬ್ಬನರ ಆಡಳಿತ ಕಾಲದಲ್ಲಿ ಏರ್ಪಟ್ಟಿತು. ಅದೇ ಇಂದಿನ ಲೋಕೋಪಯೋಗಿ ಇಲಾಖೆಯ ಮೂಲ. ಅಂದಾಜು, ಮಂಜೂರಾತಿ, ಟೆಂಡರು, ಅಳತೆ ಪುಸ್ತಕ, ಬಿಲ್ಲು ಎಂಬ ಕ್ರಮವು ಈಗಲೂ ನಡೆದಿದೆ. ಟೆಂಡರಿನ ವಿಷಯದಲ್ಲಿ 1999ರ ಪಾರದರ್ಶಕತೆ ಅಧಿನಿಯಮದ ಕಟ್ಟುಪಾಡೂ ಸೇರಿದೆ. ಆದರೆ ಶ್ರೋತೃಗಳು ಗಮನಿಸಬೇಕಾದುದು ಲೆಕ್ಕದ ಶೀರ್ಷಿಕೆಗಳನ್ನು. ಹೊಸ ಕಟ್ಟಡಕ್ಕೆ ಹಣ ಬರುವುದು 4059 ಎಂಬ ಬಂಡವಾಳ ಶೀರ್ಷಿಕೆಯಿಂದ. ಹಳೆಯದರ ಮರಾಮತ್ತಿಗೆ ಬರುವುದು 2059 ಎಂಬ ರಾಜಸ್ವ ಶೀರ್ಷಿಕೆಯಿಂದ. ಮೊದಲನೆಯದು ಆಸ್ತಿಯೆಂದು ಎಣಿಸಲ್ಪಡುವುದು, ಎರಡನೆಯದು ಬರಿಯ ಖರ್ಚು. ಆಸ್ತಿಗೆ ಶಿಲಾಫಲಕ ಉಂಟು. ಹಂಚು ಕೈಯಾಡಿಸಿದ್ದಕ್ಕೆ ಯಾರೂ ಫಲಕ ನೆಟ್ಟುದನ್ನು ನಾವು ಕಂಡಿಲ್ಲ.

ಈ ಸೀಮೆಯ ಒಂದು ಶಾಲೆಯಲ್ಲಿ, ಅದರ ಹೆಸರು ಬೇಡ, ಮಳೆಗಾಲದಲ್ಲಿ ಮಕ್ಕಳನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಎಬ್ಬಿಸುತ್ತಿದ್ದುದನ್ನು ನೋಡಿದೆವು. ತಾರಸಿಯ ಮೇಲೆ ಹತ್ತಿ ನೋಡಿದರೆ ನೀರು ಹರಿದುಹೋಗುವ ಕೊಳವೆಯ ಬಾಯಿ ಒಣಗೆಲೆಗಳಿಂದ ಮುಚ್ಚಿತ್ತು. ಒಬ್ಬ ಆಳಿನ ಅರ್ಧ ದಿನದ ಕೆಲಸ. ನಿಂತ ನೀರು ಕಾಂಕ್ರೀಟಿಗೆ ಇಳಿದು ಕಬ್ಬಿಣವನ್ನು ಮುಟ್ಟುವುದು. ತುಕ್ಕು ಹಿಡಿದ ಕಬ್ಬಿಣವು ಮೊದಲಿಗಿಂತ ಹಲವು ಪಾಲು ಹೆಚ್ಚು ಜಾಗ ಬೇಡುವುದರಿಂದ ಕೆಳಗಿನ ಗಾರೆಯನ್ನು ಚಕ್ಕೆಚಕ್ಕೆಯಾಗಿ ಒಡೆದು ಬೀಳಿಸುವುದು. ಆ ಚಕ್ಕೆಯ ಕೆಳಗೆ ಮಗು ಕುಳಿತಿರುತ್ತದೆ. ಬಳಿಕ ಕಟ್ಟಡವು ಶಿಥಿಲವೆಂದು ಷರಾ ಬಿದ್ದು, ಹೊಸದಕ್ಕೆ ಅಂದಾಜು ಪಟ್ಟಿ ತಯಾರಾಗುವುದು.

ಸುಣ್ಣದ ಗಾರೆಯಲ್ಲಿ ಕಟ್ಟಿದ ಹಳೆಯ ಕಚೇರಿಗಳಿಗೆ ಇನ್ನೊಂದು ವಿಪತ್ತುಂಟು. ಸುಣ್ಣದ ಗೋಡೆಯು ತೇವವನ್ನು ಹೀರಿ ಹೊರಕ್ಕೆ ಬಿಡುವ ಗುಣವುಳ್ಳದ್ದು. ಅದರ ಮೇಲೆ ಸಿಮೆಂಟು ಮೆತ್ತಿದರೆ ತೇವವು ಒಳಗೇ ಸೆರೆಯಾಗಿ ಇಟ್ಟಿಗೆ ಪುಡಿಯಾಗುವುದು. ಇದನ್ನು ಮರಾಮತ್ತೆಂದು ಕರೆಯುವುದಕ್ಕೆ ನಮಗೆ ಮನಸ್ಸಿಲ್ಲ.

ಪೂರ್ವಿಕರು ಈ ವಿಷಯದಲ್ಲಿ ನಮಗಿಂತ ಜಾಣರು. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ ಇಮ್ಮಡಿ ವೀರಬಲ್ಲಾಳನ ದಂಡನಾಯಕನು 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯವನ್ನು ನೋಡದವರು ಕಡಮೆ. ಆ ಕಾಲದ ದಾನಶಾಸನಗಳಲ್ಲಿ ಖಂಡಸ್ಫುಟಿತ ಜೀರ್ಣೋದ್ಧಾರ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ: ಒಡೆದುದನ್ನೂ ಬಿರಿದುದನ್ನೂ ಸರಿಪಡಿಸುವುದು. ಅದಕ್ಕೆಂದೇ ಗದ್ದೆ ಬೆದ್ದಲುಗಳನ್ನು ಬಿಡುತ್ತಿದ್ದರು. ಕಟ್ಟುವ ದಿನವೇ ಕಾಪಾಡುವ ಹಣದ ಏರ್ಪಾಡೂ ಆಗುತ್ತಿದ್ದಿತು.

ಇನ್ನು ಪಂಚಾಂಗದ ಮಾತು. ಸರ್ಕಾರದ ಲೆಕ್ಕದ ವರ್ಷವು ಏಪ್ರಿಲ್ 1ಕ್ಕೆ ಮೊದಲಾಗುವುದು. ಮುಂಗಾರು ಜೂನಿನಲ್ಲಿ ಬರುವುದು. ಮಾಡು ಕಟ್ಟಬೇಕಾದುದು ಈ ನಡುವಣ ಎರಡು ತಿಂಗಳಲ್ಲಿ. ಅನುದಾನವಾದರೋ ಹಲವು ವೇಳೆ ಕೈಗೆ ಸೇರುವುದು ಮಳೆ ಹಿಡಿದ ಮೇಲೆ, ಖರ್ಚಾಗುವುದು ಮಾರ್ಚಿಯ ಕೊನೆಯ ವಾರದ ಗಡಿಬಿಡಿಯಲ್ಲಿ. ಸುಲಭವಾಗಿ ಖರ್ಚುಮಾಡಬಹುದಾದ ಕೆಲಸವೆಂದರೆ ಬಣ್ಣ ಬಳಿಯುವುದು. ಯಾವುದಾದರೂ ತಾಲ್ಲೂಕು ಕಚೇರಿಯ ಮುಂಭಾಗ ಹೊಸದಾಗಿ ಹೊಳೆಯುತ್ತಿದ್ದರೆ, ಹಿಂದುಗಡೆಗೆ ಹೋಗಿ ಮಳೆನೀರಿನ ಕೊಳವೆಯನ್ನೊಮ್ಮೆ ನೋಡಿ ಬರಬಹುದು.