ನದೀತೀರದ ನೆಲ: ಮಂಗಳೂರಿನ ಲೆಕ್ಕ

ಮಂಗಳೂರಿನಿಂದ ಘಟ್ಟವೇರಿ ಮಡಿಕೇರಿಗೆ ಬರುವ ಮೀನಿನ ದರದಲ್ಲಿ ಅಲ್ಲಿನ ನದೀತೀರದ ಖರ್ಚೂ ಅಡಗಿದೆ. 1975ರಲ್ಲಿ ನವಮಂಗಳೂರು ಬಂದರು ಉದ್ಘಾಟನೆಗೊಂಡು ದೊಡ್ಡ ಹಡಗುಗಳು ಪಣಂಬೂರಿಗೆ ಹೋದರೂ, ನೇತ್ರಾವತಿ–ಗುರುಪುರ ನದಿಗಳ ಅಳಿವೆಯ ಹಳೆಯ ಬಂದರು ಮುಚ್ಚಲಿಲ್ಲ. ಮೀನುಗಾರಿಕೆಯ ದೋಣಿಗಳೂ ಲಕ್ಷದ್ವೀಪಕ್ಕೆ ಸರಕು ಹೊರುವ ಮಂಜಿಗಳೂ ಅದನ್ನೇ ಆಶ್ರಯಿಸಿದವು.

2016ರಲ್ಲಿ ನಗರವು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಬಳಿಕ ನೇತ್ರಾವತಿಯ ದಂಡೆಗೆ ವಿಹಾರಪಥದ ಯೋಜನೆ ಬಂದಿತು. ಅದು ಬೇಡವೆನ್ನಲಾಗದು. ಆದರೆ ವಿಹಾರಕ್ಕೆ ಯಾವ ದಂಡೆಯಾದರೂ ಆದೀತು; ದೋಣಿಯ ದುರಸ್ತಿಗೆ ನೀರಿಗೆ ತಾಗಿದ ನೆಲವೇ ಬೇಕು. 1991ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯೂ ನೀರಂಚು ಅನಿವಾರ್ಯವಾದ ಚಟುವಟಿಕೆಗಳಿಗಷ್ಟೇ ಪರವಾನಗಿ ಎಂದಿತ್ತು.

ಯೋಜನಾ ವರದಿಗಳಲ್ಲಿ ನಿವೇಶನದ ಮಾರುಕಟ್ಟೆ ಬೆಲೆ ಸುಲಭವಾಗಿ ಕಾಣುತ್ತದೆ. ದಕ್ಕೆಯನ್ನು ನಂಬಿದ ಐಸ್ ಕಾರ್ಖಾನೆ, ಬಲೆಯಂಗಡಿ, ಲಾರಿ ಬಾಡಿಗೆಗಳ ವಹಿವಾಟು ಕಾಣುವುದಿಲ್ಲ. ಅನುಮೋದನೆಗೆ ಮುನ್ನ ಈ ನಷ್ಟವನ್ನೂ ಯೋಜನಾ ವೆಚ್ಚವೆಂದೇ ನಮೂದಿಸಬೇಕೆಂದು ವಾಣಿಜ್ಯ ಸಂಸ್ಥೆಗಳು ಕೇಳುವುದು ನ್ಯಾಯ.